ಬೆರಳ ಕ್ಲಿಪ್, ಕಿವಿ ಕ್ಲಿಪ್, ಎಬಿಜಿ: ಆಪರೇಷನ್ ಥಿಯೇಟರಿನಲ್ಲಿ ನಾನು ಯಾವುದನ್ನು ನಂಬುತ್ತೇನೆ?

ದಾವಣಗೆರೆಯಲ್ಲಿ ಮದುವೆ ಸೀಸನ್ ಬಂದರೆ ಅರಿವಳಿಕೆ ಕೊಡುವ ನಮಗೆ ಮೆಹಂದಿಯದೇ ತಲೆನೋವು. ಅಪೆಂಡಿಕ್ಸ್ ಆಪರೇಷನ್‌ಗೆ ಬಂದ ಹೊಸ ಮದುಮಗಳೊಬ್ಬಳ ಹತ್ತೂ ಬೆರಳ ತುದಿ ಕಪ್ಪು ಮೆಹಂದಿಯಲ್ಲಿ ಮುಳುಗಿತ್ತು. ಹಿಮೋಗ್ಲೋಬಿನ್ ಶೇಕಡಾ ಎಷ್ಟು ಆಕ್ಸಿಜನ್ ಹಿಡಿದಿದೆ ಎಂದು ಹೇಳಬೇಕಾದ ಬೆರಳ ಕ್ಲಿಪ್ (ಪಲ್ಸ್ ಆಕ್ಸಿಮೀಟರ್) ಬರೀ ಗೆರೆ ತೋರಿಸಿತು. ಕಿವಿಗೆ ಹಾಕಿದೆ, 99 ಬಂತು.

ಒಂದು ದಿನ ಡ್ಯೂಟಿ ಮುಗಿಸಿ ಎರಡನ್ನೂ ನಾನೇ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತೆ. ಕಿವಿಯದ್ದು ಮೊದಲು ಇಳಿಯಿತು. ನಾನು ಉಸಿರೆಳೆದು ಸುಧಾರಿಸಿಕೊಂಡ ಮೇಲೆ ಬೆರಳಿನದ್ದು ಇಳಿಯತೊಡಗಿತು! ರಕ್ತ ಅಷ್ಟು ದೂರ ಹೋಗಬೇಕಲ್ವಾ. ಆದರೂ ಅರಿವಳಿಕೆ ಗ್ಯಾಸು ಸೆವೋಫ್ಲುರೇನ್ ಶುರುವಾದ ಮೇಲೆ ನನಗೆ ಬೆರಳೇ ಇಷ್ಟ. ಗ್ಯಾಸು ರಕ್ತನಾಳ ಹಿಗ್ಗಿಸುತ್ತದೆ, ತಣ್ಣಗಿದ್ದ ಬೆರಳು ಬೆಚ್ಚಗಾಗುತ್ತದೆ, ಮಾನಿಟರಿನ ಅಲೆ ಎದ್ದು ಕಾಣುತ್ತದೆ.

ಕ್ಲಿಪ್ಪಿನ ಕೆಲಸ 660 ಮತ್ತು 940 ನ್ಯಾನೋಮೀಟರಿನ ಎರಡು ಬೆಳಕು ಹಾಯಿಸಿ ರಕ್ತದ ಬಣ್ಣ ನೋಡೋದು, ಅಷ್ಟೇ. ರಕ್ತದಲ್ಲಿ ಆಕ್ಸಿಜನ್ ಒತ್ತಡ 400ರಿಂದ 100 ಮಿಮೀ ಪಾದರಸಕ್ಕೆ ಬಿದ್ದರೂ ಅದು ಸುಮ್ನೆ 99 ಅನ್ನುತ್ತಿರುತ್ತದೆ. ಅಲ್ಲಿ ಎಬಿಜಿ, ಅಂದರೆ ಅಪಧಮನಿಯ ರಕ್ತ ತೆಗೆದು ಮೆಷಿನ್ನಿನಲ್ಲಿ ಈ ಒತ್ತಡ ಅಳೆಯುವ ಪರೀಕ್ಷೆ, ಗೆಲ್ಲುತ್ತದೆ. ಆದರೆ ಅದಕ್ಕೂ ಕುತ್ತು ಇದೆ. ಒಮ್ಮೆ ಕ್ಲಿಪ್ 89 ತೋರಿಸುವಾಗ ಎಬಿಜಿ ಒತ್ತಡ 78 ಎಂದಿತು, ಶೇಕಡಾ 89ಕ್ಕೆ ಅದು ಜಾಸ್ತಿಯಾಯಿತು. ನೋಡಿದರೆ ಸಿರಿಂಜಿನಲ್ಲಿ ಗಾಳಿಗುಳ್ಳೆ. ಮತ್ತೆ ತೆಗೆದಾಗ 58 ಬಂತು.

ಸಂಜೆ ಮಂಡಕ್ಕಿ-ಮಿರ್ಚಿ ತಿನ್ನುವಾಗ ಜೂನಿಯರ್ ಒಬ್ಬ ಕೇಳಿದ: ಗ್ಯಾಸು ಹಿಮೋಗ್ಲೋಬಿನ್ನಿನ ಹಿಡಿತವನ್ನೇ ಸಡಿಲ ಮಾಡುತ್ತದಾ? ಇಲ್ಲ ಅಂದೆ. ಅರ್ಧ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ ತುಂಬುವ ಒತ್ತಡ ಸುಮಾರು 27 ಮಿಮೀ. ಜ್ವರ, ಆಮ್ಲ ಅದನ್ನು ಸರಿಸುವುದರ ಮುಂದೆ ಐಸೋಫ್ಲುರೇನ್, ಸೆವೋಫ್ಲುರೇನ್‌ನದು ಲೆಕ್ಕಕ್ಕಿಲ್ಲ. ಗ್ಯಾಸು ಮೋಸ ಮಾಡೋದು ಮೆಷಿನ್ನಿಗೆ. ಎಬಿಜಿ ಮೆಷಿನ್ನಿನಲ್ಲಿ ಆಕ್ಸಿಜನ್ ಅಳೆಯುವ ಹಳೆಯ ಕ್ಲಾರ್ಕ್ ಎಲೆಕ್ಟ್ರೋಡ್ ಹ್ಯಾಲೋಥೇನ್ ಎಂಬ ಅರಿವಳಿಕೆ ಗ್ಯಾಸನ್ನೂ ಆಕ್ಸಿಜನ್ ಲೆಕ್ಕಕ್ಕೆ ಸೇರಿಸಿ ಒತ್ತಡ ಜಾಸ್ತಿ ತೋರಿಸುತ್ತಿತ್ತು.

ಈಗ ನನ್ನ ಹೆದರಿಕೆ ಡೆಸ್‌ಫ್ಲುರೇನ್ ಗ್ಯಾಸಿನ ಮೇಲೆ. ಭಾನುವಾರವೆಲ್ಲ ಆಕ್ಸಿಜನ್ ಹರಿದು ಒಣಗಿದ ಸೋಡಾಲೈಮಿಗೆ (ರೋಗಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಹೀರುವ ಹರಳು) ಅದು ತಾಗಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದನ್ನು ಹಿಡಿದ ಹಿಮೋಗ್ಲೋಬಿನ್ನೂ ಕ್ಲಿಪ್ಪಿನ ಕಣ್ಣಿಗೆ ಕೆಂಪು ಕೆಂಪು. ಬೆರಳೂ 98, ಕಿವಿಯೂ 98. ಎಬಿಜಿಯ ಸ್ಯಾಚುರೇಷನ್ (ಅದೇ ಶೇಕಡಾ ಅಂಕಿ) ಒತ್ತಡದಿಂದ ಬರೀ ಲೆಕ್ಕ ಹಾಕಿದ್ದಾದರೆ ಅದೂ ಹಾಗೇ. ನಿಜ ಹೇಳೋದು ಹಿಮೋಗ್ಲೋಬಿನ್ ಹಿಡಿದಿರುವುದು ಯಾವ ಗ್ಯಾಸೆಂದು ಬೇರ್ಪಡಿಸಿ ಅಳೆಯುವ ಕೋ-ಆಕ್ಸಿಮೀಟರ್ ಒಂದೇ. ನಾನು ಕೆಲಸ ಮಾಡುವ ಕಡೆ ಅದಿಲ್ಲ. ಅದಕ್ಕೇ ಸೋಮವಾರ ಹೊಸ ಸೋಡಾಲೈಮ್ ಹಾಕಿಸದೆ ಮೊದಲ ಕೇಸ್ ಮುಟ್ಟುವುದಿಲ್ಲ.