ಚಂದಾ ಕಟ್ಟಿ ನೋಡಿದ ಸ್ವರ್ಣಕಮಲ

2024ರ ಆಗಸ್ಟ್ 16, ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ, ಎಪ್ಪತ್ತನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಿದ್ದಾಗ ದಾವಣಗೆರೆಯ ನಮ್ಮ ಮನೆಯಲ್ಲಿ ಹೋಳಿಗೆ ಊಟ ಆಗಷ್ಟೇ ಮುಗಿದಿತ್ತು. 2022ರ ಚಿತ್ರಗಳಿಗೆ ಸಂದ ಆ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರದ ಸ್ವರ್ಣಕಮಲ ಮಲಯಾಳದ ‘ಆಟ್ಟಂ’ ಪಾಲಾಗಿತ್ತು, ಮನೆಯಲ್ಲಿ ಯಾರೂ ಆ ಹೆಸರನ್ನೇ ಕೇಳಿರಲಿಲ್ಲ. ಆ ಒಂದು ಚಿತ್ರವನ್ನು ನೋಡಬೇಕೆಂದೇ ಮನೆಗೆ ಸಿನಿಮಾ ತಲುಪಿಸುವ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಮೂರು ವಾರ ಬಳಸಿದ ಮೇಲೆ ಬರೆಯುತ್ತಿರುವ ಈ ಮಾತುಗಳು ಆ ಸೇವೆಯನ್ನು ಕುರಿತವು, ಜೊತೆಗೆ ನನ್ನನ್ನು ಅದರ ಬಾಗಿಲಿಗೆ ಕರೆದೊಯ್ದ ಪ್ರಶಸ್ತಿ ಪಟ್ಟಿಯನ್ನೂ ಕುರಿತವು.

ಆ್ಯಪ್ ತೆರೆದೊಡನೆ ಮೇಲಿನ ಸಾಲಿನಲ್ಲಿ ಕಂಡವು ‘ಕಾಂತಾರ’ ಮತ್ತು ‘ಕೆಜಿಎಫ್ ಚಾಪ್ಟರ್ 2’. ಎರಡೂ ಪ್ರಶಸ್ತಿ ಪಡೆದ ಚಿತ್ರಗಳೇ, ಆದರೆ ಎರಡನ್ನೂ ನಮ್ಮೂರಿನವರು ಟಾಕೀಸಿನಲ್ಲಿ ಟಿಕೆಟ್ಟಿಗಾಗಿ ಸಾಲು ನಿಂತು ಎಂದೋ ನೋಡಿ ಮುಗಿಸಿದ್ದಾರೆ. ‘ಕಾಂತಾರ’ದ ಅಭಿನಯಕ್ಕೆ ರಿಷಬ್ ಶೆಟ್ಟಿಯವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದದ್ದು ನನಗೆ ಪೂರ್ತಿ ಒಪ್ಪಿಗೆ. ‘ಚೋಮನ ದುಡಿ’ಯ ಎಂ. ವಿ. ವಾಸುದೇವರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್ ಇವರ ನಂತರ ಕನ್ನಡ ಚಿತ್ರವೊಂದರ ಪಾತ್ರಕ್ಕೆ ಆ ಗೌರವ ಸಂದದ್ದು ಇದು ನಾಲ್ಕನೆಯ ಸಲ. ಕೊನೆಯ ಕೋಲದ ದೃಶ್ಯದಲ್ಲಿ, ಅಲ್ಲಿಯವರೆಗೆ ಸಿಳ್ಳೆ ಹೊಡೆಯುತ್ತಿದ್ದ ಬಾಲ್ಕನಿ ಉಸಿರು ಬಿಗಿಹಿಡಿದು ಕೂತದ್ದನ್ನು ಕಣ್ಣಾರೆ ಕಂಡವರಿಗೆ ತೀರ್ಪುಗಾರರ ವಿವರಣೆ ಬೇಕಿಲ್ಲ. ಅತ್ಯುತ್ತಮ ಕನ್ನಡ ಚಿತ್ರವೆಂದು ‘ಕೆಜಿಎಫ್’ ಅನ್ನು ಆರಿಸಿದ್ದನ್ನು ಮಾತ್ರ ಹಾಗೆ ಒಪ್ಪಲಾರೆ. ಅದರ ಸಾಹಸ ನಿರ್ದೇಶನಕ್ಕೆ ಸಿಕ್ಕ ಪ್ರಶಸ್ತಿ ನ್ಯಾಯವಾದದ್ದು. ಆದರೆ ಭಾಷಾವಾರು ಪ್ರಶಸ್ತಿಯಿಂದ ಬದುಕು ಪಡೆಯುವುದು ಬಿಡುಗಡೆಯಾದ ವಾರದಲ್ಲೇ ಟಾಕೀಸಿನಿಂದ ಎದ್ದುಹೋಗುವ ಸಣ್ಣ ಚಿತ್ರಗಳು, ದೇಶವೆಲ್ಲ ಗೆದ್ದು ಬಂದ ಚಿತ್ರಕ್ಕೆ ಅದರಿಂದ ಹೊಸದಾಗಿ ಸಿಗುವುದೇನೂ ಇಲ್ಲ.

ಈಗ ‘ಆಟ್ಟಂ’. ಆನಂದ್ ಏಕರ್ಷಿ ಅವರ ಮೊದಲ ಚಿತ್ರವಿದು. ಹನ್ನೆರಡು ಗಂಡಸರು ಮತ್ತು ಅಂಜಲಿ ಎಂಬ ಒಬ್ಬಳೇ ಹೆಣ್ಣುಮಗಳು ಇರುವ ನಾಟಕ ತಂಡ; ಪ್ರದರ್ಶನವೊಂದರ ನಂತರ ಎಲ್ಲರೂ ಒಂದೆಡೆ ತಂಗಿದ್ದ ರಾತ್ರಿ ಅವಳ ಮೇಲೆ ಯಾರೋ ಲೈಂಗಿಕ ದೌರ್ಜನ್ಯ ಎಸಗುತ್ತಾರೆ; ಯಾರೆಂದು ತೀರ್ಮಾನಿಸಲು ತಂಡ ಒಂದು ಮನೆಯಲ್ಲಿ ಸೇರುತ್ತದೆ. ಚಿಂದೋಡಿ ಲೀಲಾ ಅವರಂಥ ಕಲಾವಿದೆಯನ್ನು ಕಂಡ, ವೃತ್ತಿ ರಂಗಭೂಮಿಯ ರಂಗಾಯಣಕ್ಕೆ ನೆಲೆ ಕೊಟ್ಟ ಊರಿನಲ್ಲಿ ಕುಳಿತು ನೋಡುವಾಗ ಈ ಕಥೆ ಕೇರಳದ್ದೆಂದು ಅನ್ನಿಸುವುದೇ ಇಲ್ಲ. ಪಾತ್ರ ಕೈತಪ್ಪಿದವನ ಹೊಟ್ಟೆಕಿಚ್ಚು, ಸಿನಿಮಾದಲ್ಲಿ ಹೆಸರು ಮಾಡಿ ಬಂದವನಿಗೆ ತಂಡದಲ್ಲಿ ಸಿಗುವ ಮಣೆ, ಹಗಲಿನ ಕಸುಬು ಬೇರೆಯಾಗಿದ್ದು ಸಂಜೆಗೆ ಬಣ್ಣ ಹಚ್ಚುವವರ ಸಲುಗೆ, ಇವೆಲ್ಲ ನಾಟಕದ ಮನೆಯ ಒಳಗನ್ನು ಬಲ್ಲವರು ಬರೆದದ್ದೆಂದು ತಿಳಿಯುತ್ತದೆ. ವಿದೇಶದಲ್ಲಿ ನಾಟಕವಾಡುವ ಅವಕಾಶದ ಸುದ್ದಿ ಸಭೆಯ ನಡುವೆ ಬಂದು ಬೀಳುವ ಗಳಿಗೆಯಂತೂ ಅಸಾಧ್ಯವಾದದ್ದು. ಅಲ್ಲಿಯವರೆಗೆ ಕಟ್ಟೆ ಪಂಚಾಯ್ತಿಯ ಹಿರಿಯರಂತೆ ನ್ಯಾಯ ನುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಸಾಕ್ಷಿ ಕೇಳತೊಡಗುತ್ತಾರೆ, ಅದೂ ಎಷ್ಟು ವಿನಯದಿಂದ ಎಂದರೆ ನೋಡುವ ನಮಗೂ ಒಂದು ಕ್ಷಣ ಅವರ ಮಾತು ಸರಿಯೆನ್ನಿಸಿ, ಆಮೇಲೆ ನಮ್ಮ ಬಗ್ಗೆಯೇ ನಾಚಿಕೆಯಾಗುತ್ತದೆ. ಈ ಚಿತ್ರಕ್ಕೆ ಚಿತ್ರಕಥೆ ಮತ್ತು ಸಂಕಲನದ ಪ್ರಶಸ್ತಿಗಳೂ ಬಂದಿವೆ. ಬಹುಪಾಲು ಒಂದೇ ಮನೆಯೊಳಗೆ ನಡೆಯುವ ಮಾತುಕತೆಯಲ್ಲಿ ಸಂಕಲನಕ್ಕೇನು ಕೆಲಸವೆಂದು ಕೇಳುವವರು, ಒಬ್ಬ ಮಾತಾಡುವಾಗ ಕ್ಯಾಮೆರಾ ಇನ್ನಾರ ಮುಖಕ್ಕೆ ತಿರುಗುತ್ತದೆಂಬುದನ್ನು ಗಮನಿಸಬೇಕು.

ಆದರೆ ಇದನ್ನು ಅಮ್ಮನಿಗೆ ತೋರಿಸುವುದು ಸುಲಭವಾಗಲಿಲ್ಲ. ನಾನು ಚಂದಾ ಕಟ್ಟಿದ ಆ್ಯಪ್‌ನಲ್ಲಿ ನಾವು ನೋಡಿದ ದಿನ ಅಡಿಬರಹ ಇಂಗ್ಲಿಷಿನಲ್ಲಿತ್ತೇ ಹೊರತು ಕನ್ನಡದಲ್ಲಿರಲಿಲ್ಲ. ಹೀಗಾಗಿ ಪ್ರತಿ ದೃಶ್ಯವನ್ನೂ ನಿಲ್ಲಿಸಿ, ಯಾರು ಏನೆಂದರೆಂದು ಹೇಳುತ್ತ, ಎರಡು ಗಂಟೆ ಇಪ್ಪತ್ತು ನಿಮಿಷದ ಚಿತ್ರವನ್ನು ಎರಡು ಸಂಜೆ ನೋಡಿದೆವು. ಎರಡನೆಯ ಸಂಜೆ ಅಮ್ಮ, “ಹನ್ನೆರಡು ಮಂದಿ ಗಂಡಸ್ರು ಕುಂತು ಅದೇನ್ ತೀರ್ಮಾನ ಮಾಡ್ತಾರೋ, ಆ ಹುಡುಗೀನ ಒಂದು ಮಾತು ಕೇಳಿದ್ರೆ ಸಾಕಿತ್ತಲ್ಲ” ಎಂದರು. ಪತ್ರಿಕೆಗಳಲ್ಲಿ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಚಿತ್ರದ ನಡುಮಧ್ಯಕ್ಕೆ ಬಂದಿರಲಿಲ್ಲ. ಇಂಥ ಪ್ರೇಕ್ಷಕರನ್ನು ಒಂದು ಅಡಿಬರಹದ ಕೊರತೆಗಾಗಿ ಹೊರಗಿಡುವ ಸೇವೆ ಕರ್ನಾಟಕದಲ್ಲಿ ಪೂರ್ತಿ ಚಂದಾ ವಸೂಲಿ ಮಾಡುವುದು ನನಗೆ ಸರಿಕಾಣುವುದಿಲ್ಲ.

ಹುಡುಕಾಟದ ವ್ಯವಸ್ಥೆಯೂ ಅಷ್ಟಕ್ಕಷ್ಟೆ. ಚಿತ್ರದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಏನೂ ಸಿಗದು, ಇಂಗ್ಲಿಷಿನಲ್ಲಿ ಬರೆಯುವಾಗಲೂ ‘ಟಿ’ ಅಕ್ಷರ ಎರಡು ಬೇಕು. ಚಿತ್ರದ ಸ್ಪಷ್ಟತೆ, ಧ್ವನಿ ಎರಡೂ ಚೆನ್ನಾಗಿವೆ. ನಡುವೆ ಕರೆಂಟು ಹೋಗಿ ಬಂದರೂ ನಿಂತ ಜಾಗದಿಂದಲೇ ಮುಂದುವರಿಯಿತು. ನಿಜವಾದ ತೊಡಕು ಹಣದ ಲೆಕ್ಕದಲ್ಲಿದೆ. ನಿತ್ಯಾ ಮೆನನ್ ಅವರಿಗೆ ಪ್ರಶಸ್ತಿ ತಂದ ‘ತಿರುಚ್ಚಿತ್ರಂಬಲಂ’ ಒಂದು ಕಡೆ, ಸೂರಜ್ ಬರ್ಜಾತ್ಯ ನಿರ್ದೇಶನದ ‘ಊಂಚಾಯಿ’ ಇನ್ನೊಂದು ಕಡೆ, ‘ಬ್ರಹ್ಮಾಸ್ತ್ರ’ ಮತ್ತೊಂದು ಕಡೆ ಎಂದು ಹಂಚಿಹೋಗಿರುವುದರಿಂದ ಪಟ್ಟಿಯ ಮುಖ್ಯ ಚಿತ್ರಗಳನ್ನು ನೋಡಲು ನಾಲ್ಕು ಚಂದಾಗಳಾದರೂ ಬೇಕು. ಕಥೇತರ ವಿಭಾಗದಲ್ಲಿ ಬಸ್ತಿ ದಿನೇಶ್ ಶೆಣೈ ಅವರಿಗೆ ಚೊಚ್ಚಲ ನಿರ್ದೇಶನದ ಪ್ರಶಸ್ತಿ, ಸುರೇಶ್ ಅರಸ್ ಅವರಿಗೆ ಸಂಕಲನದ ಪ್ರಶಸ್ತಿ ತಂದುಕೊಟ್ಟ ಕನ್ನಡದ ‘ಮಧ್ಯಂತರ’ ನನ್ನ ಆ್ಯಪ್‌ನಲ್ಲಿ ಸಿಗಲೇ ಇಲ್ಲ. ಹಬ್ಬದ ದಿನ ಎಲ್ಲಕ್ಕಿಂತ ಹೆಚ್ಚು ಸಂತೋಷಪಟ್ಟದ್ದು ಆ ಕಿರುಚಿತ್ರದ ಗೆಲುವಿಗಾಗಿಯೇ ಆದ್ದರಿಂದ ನಿರಾಸೆಯೂ ಹೆಚ್ಚೇ ಆಯಿತು.

ಈ ಸಲದಿಂದ ಪ್ರಶಸ್ತಿಯ ಮೊತ್ತ ಏರಿದೆ, ಕೆಲವು ವಿಭಾಗಗಳ ಹೆಸರೂ ಬದಲಾಗಿವೆ. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಕೊಡುತ್ತಿದ್ದ ಪ್ರಶಸ್ತಿಯಿಂದ ನರ್ಗೀಸ್ ದತ್ ಅವರ ಹೆಸರನ್ನು ಕೈಬಿಟ್ಟಿದ್ದಾರೆ. ದೆಹಲಿಯವರು ಕೈಬಿಟ್ಟರೂ, ಮಂಡಕ್ಕಿಯ ಒಂದು ತಿನಿಸನ್ನೇ ನರ್ಗೀಸ್ ಎಂದು ಕರೆಯುವ ನಮ್ಮೂರಿನ ಮಂಡಕ್ಕಿ ಅಂಗಡಿಗಳಲ್ಲಿ ಸಂಜೆಯಾದರೆ ಆ ಹೆಸರು ಇನ್ನೂ ಕೂಗಿಸಿಕೊಳ್ಳುತ್ತಿದೆ.

ಕೇಳಿದವರಿಗೆ ನಾನು ಹೇಳುತ್ತಿರುವುದು ಇಷ್ಟು: ವರ್ಷದ ಚಂದಾ ಬೇಡ, ಒಂದು ತಿಂಗಳಿಗೆ ಕಟ್ಟಿ, ಮೊದಲ ವಾರವೇ ‘ಆಟ್ಟಂ’ ನೋಡಿ, ಇಂಗ್ಲಿಷ್ ಓದಲಾಗದ ಹಿರಿಯರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂತು ಹೇಳುವವರೊಬ್ಬರು ಇರಲಿ. ‘ಕಾಂತಾರ’ವನ್ನು ಮತ್ತೆ ನೋಡುವ ಆಸೆಯಿದ್ದವರು, ಅದು ಟಾಕೀಸಿಗೆ ಇನ್ನೊಮ್ಮೆ ಬಂದರೆ ಅಲ್ಲೇ ನೋಡಲಿ, ನಮ್ಮ ಮನೆಯ ಮೂವತ್ತೆರಡು ಇಂಚಿನ ಪರದೆಯಲ್ಲಿ ಆ ಕೋಲ ಅರ್ಧಕ್ಕಿಂತ ಹೆಚ್ಚು ಕರಗಿಹೋಯಿತು.