ಓಮ್ನಿ ಮೇಲೆ ನಾನೇ ಮಾಡ್ಕೊಂಡ ಕಬ್ಬಿಣದ ಕ್ಯಾರಿಯರ್: ಭಾರ ಹೊರ್ತದೆ, ಶ್ರುತಿನೂ ಹಿಡೀತದೆ

ಗಟ್ಟಿ ಇದೆಯಾ ಅಂತ ಮಾತ್ರ ಕೇಳ್ಬೇಡಿ, ಗಟ್ಟಿ ಇದೆ. ಒಂದಿಂಚಿನ ಚೌಕ ಪೈಪು, 16 ಗೇಜು ದಪ್ಪ, ಗಾಡಿ ಚಾವಣಿ ಅಂಚಿನ ಗಟರ್‌ಗೆ ಕಚ್ಚಿ ಕೂರೋ ಆರು ಕಾಲು, ಅಷ್ಟೇ ಕೆಲಸ. ಅಳತೆ ಎಷ್ಟು, ಕಾಲು ಹೇಗೆ ಮಡಚೋದು ಅಂತೆಲ್ಲ ತೋರ್ಸೋ ವಿಡಿಯೋ ಬೇಕಾದಷ್ಟಿವೆ, ನೋಡ್ಕೊಳ್ಳಿ. ಆದ್ರೆ ಗಾಡಿ ಐವತ್ತು ದಾಟಿದ ಮೇಲೆ ತಲೆ ಮೇಲೆ ಏನಾಗ್ತದೆ ಅನ್ನೋದನ್ನ ಒಬ್ರೂ ಹೇಳಲ್ಲ ನೋಡಿ, ನಾನು ಬರೀತಿರೋದು ಅದಕ್ಕೇ.

ನಂದು ವೈರಿಂಗ್ ಕೆಲಸ. ಕಾರವಾರದಿಂದ ಒಂದಿನ ಮಾಜಾಳಿ, ಇನ್ನೊಂದಿನ ಅಂಕೋಲಾ, ಎಲ್ಲಾ 66ನೇ ಹೈವೇ ಮೇಲೇ ಓಡಾಟ. ಹತ್ತಡಿಯ ಕಂಡ್ಯೂಟ್ ಪೈಪನ್ನ ಗಾಡಿ ಒಳಗೆ ಹಾಕಿದ್ರೆ ತುದಿ ನನ್ನ ಕಿವಿ ಪಕ್ಕಕ್ಕೇ ಬರೋದು, ಮೇಲೆ ಹಾಕಿದ್ರೆ ಓಮ್ನಿ ಉದ್ದಕ್ಕೆ ಸರಿಯಾಗಿ ಕೂರ್ತದೆ. ಏಣಿನೂ ಅಲ್ಲೇ. ರೆಡಿಮೇಡ್ ಕ್ಯಾರಿಯರ್‌ಗೆ ಕೊಡೋ ದುಡ್ಡಿರ್ಲಿಲ್ಲ, ಪೈಪ್ ನಾನೇ ಕೊಯ್ದು ಕೂರ್ಸಿ ವೆಲ್ಡಿಂಗ್ ಮಾತ್ರ ಹೊರಗೆ ಹೊಡೆಸಿದೆ. ಬಣ್ಣ, ಬೋಲ್ಟು ಎಲ್ಲಾ ಸೇರಿ ಐದು ಸಾವಿರದ ಒಳಗೇ ಮುಗೀತು. ದುಡ್ಡಿಗೆ ಲೆಕ್ಕ ಹಾಕಿದ್ರೆ ಬೇಜಾರೇನಿಲ್ಲ.

ಈಗ ಸೌಂಡಿನ ವಿಷ್ಯ. ಎರಡು ಥರ ಬರ್ತದೆ, ಎರಡಕ್ಕೂ ಕಾರಣ ಬೇರೆ. ಪೈಪಿನ ಬಾಯಿ ತೆರೆದಿದ್ರೆ ಗಾಳಿ ಅದರ ಮೇಲೆ ಹಾದು ಸಣ್ಣಗೆ ಸಿಳ್ಳೆ ಹೊಡೀತದೆ, ಅದಕ್ಕೆ ಪ್ಲಾಸ್ಟಿಕ್ ಕ್ಯಾಪ್ ಬಡಿದ್ರೆ ಮುಗೀತು. ಇನ್ನೊಂದು ಬಗ್ಗದ ಜಾತಿ. ಮುಂದಿನ ಅಡ್ಡಪೈಪಿಗೆ ಗಾಳಿ ಬಡಿದು ಹಿಂದ್ಗಡೆ ಸುಳಿ ಕಟ್ತದೆ, ಒಂದ್ಸಲ ಮೇಲಿಂದ, ಒಂದ್ಸಲ ಕೆಳಗಿಂದ, ಆ ಅದುರು ಕಾಲಿನ ಮೂಲಕ ಗಟರ್‌ಗೆ ಇಳಿದು ಓಮ್ನಿಯ ತೆಳು ತಗಡು ಪೂರ್ತಿ ಗುಂಯ್ ಅಂತದೆ. ಸ್ಪೀಡ್ ಏರಿದ ಹಾಗೆ ಸ್ವರನೂ ಏರ್ತದೆ. ಭಾಗವತರ ಹಿಂದೆ ಶ್ರುತಿಪೆಟ್ಟಿಗೆ ಹಿಡಿದು ಕೂತ ಹಾಗೆ, ಬಿಣಗಾದಿಂದ ಅಂಕೋಲಾ ತನಕ ಬಿಡುವೇ ಇಲ್ಲ. ಫೋನ್ ಬಂದ್ರೆ ಗಾಡಿ ಸೈಡಿಗೆ ಹಾಕದೆ ಬೇರೆ ದಾರಿ ಇಲ್ಲ (ಹಾಕ್ಲೇಬೇಕು ಬಿಡಿ, ಆದ್ರೂ). ವೆಲ್ಡಿಂಗ್ ಅಣ್ಣನ ಹತ್ರ ಹೇಳಿದ್ರೆ "ಸೌಂಡ್ ಬಂದ್ರೆ ಎಂತ ಆತು ಮಾರಾಯ, ಟೇಪ್ ಜೋರಾಗಿ ಹಾಕು" ಅಂತ ನಕ್ಕು ಕಳಿಸಿದ.

ಆಮೇಲೆ ಸಿಕ್ಕಿದ ಮದ್ದು ಅಂದ್ರೆ ಕತ್ತದ ಹಗ್ಗ. ಎತ್ತರದ ಚಿಮಣಿಗಳ ತುದಿಗೆ ಸುರುಳಿ ಸುರುಳಿಯಾಗಿ ಪಟ್ಟಿ ಸುತ್ತಿರ್ತಾರಲ್ಲ, ಅದು ಅಂದಕ್ಕಲ್ಲ, ಗಾಳಿಯ ಸುಳಿ ಒಂದೇ ತಾಳಕ್ಕೆ ಬೀಳದ ಹಾಗೆ ಮುರಿಯೋಕೆ. ಅದೇ ಲೆಕ್ಕದಲ್ಲಿ ಮುಂದಿನ ಪೈಪಿಗೆ ಹಗ್ಗನ ಒತ್ತೊತ್ತಾಗಿ ಸುತ್ತದೆ ಒಂದು ಗೇಣು ಬಿಟ್ಟು ಬಿಟ್ಟು ಓರೆಯಾಗಿ ಸುತ್ತಿದೆ. ಹೈವೇಗೆ ಹೋಗಿ ಎಕ್ಸಲರೇಟರ್ ಒತ್ತಿದ್ರೆ ಎಂಜಿನ್ ಸದ್ದು ಬಿಟ್ರೆ ಏನೂ ಇಲ್ಲ! ಪಕ್ಕದಲ್ಲಿದ್ದ ಹುಡುಗ "ಗಾಡಿ ಬದಲಾಯ್ತಾ ಅಣ್ಣಾ" ಅಂದ. ನಲವತ್ತು ರೂಪಾಯಿ ಹಗ್ಗ ರೀ, ಇಡೀ ಕ್ಯಾರಿಯರಲ್ಲಿ ನಂಗೆ ಇಷ್ಟವಾದ ಭಾಗ ಅದೊಂದೇ ಅಂದ್ರೂ ತಪ್ಪಿಲ್ಲ.

ಆದ್ರೆ ಇದು ಕಾರವಾರ. ಇಲ್ಲಿ ಕಬ್ಬಿಣಕ್ಕೆ ಮಳೆಗಿಂತ ದೊಡ್ಡ ವೈರಿ ಸಮುದ್ರದ ಗಾಳಿ, ಅದ್ರಲ್ಲಿರೋ ಉಪ್ಪು ಪೈಪ್ ಮೇಲೆ ಕೂತು ತೇವ ಎಳ್ಕೊಂಡೇ ಇರ್ತದೆ, ಹಗ್ಗ ಸುತ್ತಿದ ಜಾಗದಲ್ಲಂತೂ ಒಣಗೋದೇ ಇಲ್ಲ. ಮಳೆಗಾಲ ಮುಗಿದು ಹಗ್ಗ ಬಿಚ್ಚಿದ್ರೆ ಅದ್ರ ಅಚ್ಚಿನ ಹಾಗೇ ಓರೆ ಓರೆಯಾಗಿ ತುಕ್ಕಿನ ಪಟ್ಟೆ. ಉಳಿದ ಕಡೆ ಪೇಂಟ್ ಸರಿಯಾಗೇ ಇತ್ತು, ವೆಲ್ಡಿಂಗ್ ಜಾಯಿಂಟ್ ಒಂದೆರಡು ಬಿಟ್ಟು. ಬೈತಕೋಲ್ ಬಂದರಿನ ಕಡೆಯಿಂದ ತಂದ ನೈಲಾನ್ ಹಗ್ಗನೂ ನೋಡಿದೆ, ನೀರು ಹಿಡಿಯಲ್ಲ ನಿಜ, ಆದ್ರೆ ಜಾರಿ ಜಾರಿ ಒಂದು ಮೂಲೆಗೆ ಹೋಗಿ ಕೂರ್ತದೆ, ಮತ್ತೆ ಗುಂಯ್ ಶುರು.

ಹಾಗಾಗಿ ಈಗ ನಂದೊಂದು ಪಂಚಾಂಗ. ಮೃಗಶಿರ ಮಳೆ ಹಿಡಿಯೋ ಮುಂಚೆ ಹಗ್ಗ ಬಿಚ್ಚಿ ಅಟ್ಟಕ್ಕೆ, ದೀಪಾವಳಿ ಕಳೆದ ಮೇಲೆ ಮತ್ತೆ ಪೈಪಿಗೆ. ನಡುವಿನ ತಿಂಗಳು ಶ್ರುತಿ ಕೇಳ್ಕೊಂಡೇ ಓಡಾಟ. ಮಳೇಲಿ ಹೆಂಗೂ ನಿಧಾನ ಹೋಗೋದು, ಅಷ್ಟು ಕೇಳ್ಸಲ್ಲ. ಹಗ್ಗ ಸುತ್ತೋ ಆ ಭಾನುವಾರ ನಂಗೆ ಒಂಥರಾ ಖುಷಿ. ಮೊದ್ಲು ವೈರ್ ಬ್ರಶ್, ಆಮೇಲೆ ಪಾಲಿಶ್ ಪೇಪರ್, ಬಟ್ಟೇಲಿ ಒರೆಸಿ ರೆಡ್ ಆಕ್ಸೈಡ್ ಒಂದು ಕೈ, ಒಣಗೋ ತನಕ ಹದಿಮೂರು ನಂಬರ್ ಪಾನಾ ಹಿಡಿದು ಕಾಲಿನ ಬೋಲ್ಟೆಲ್ಲ ಒಂದು ಸುತ್ತು ಬಿಗಿ ಮಾಡೋದು, ಕಾಲಿನಡಿ ಇಟ್ಟ ಸೈಕಲ್ ಟ್ಯೂಬಿನ ತುಂಡು ಸವೆದಿದ್ರೆ ಬದಲು. ಹಗ್ಗ ಒದ್ದೆ ಮಾಡಿ ಸುತ್ತಬೇಡಿ, ಒಣಗಿದ ಮೇಲೆ ಸಡಿಲ ಆಗ್ತದೆ. ವಾರಕ್ಕೊಮ್ಮೆ ಸಿಹಿನೀರಲ್ಲಿ ತೊಳೆಯೋದೂ ಉಂಟು, ಬೇಸಿಗೇಲಿ ನಮ್ಮನೆ ಬಾವಿ ನೀರು ಸವಳಾಗ್ತದೆ, ಆವಾಗ ನಲ್ಲಿ ನೀರೇ ಗತಿ.

ಮೈಲೇಜ್ ಲೀಟರಿಗೆ ಒಂದು ಕಿಲೋಮೀಟರ್ ಹತ್ರ ಕಮ್ಮಿ ಆಗಿದೆ, ಖಾಲಿ ಇದ್ರೂ ಗಾಳಿ ಹಿಡಿಯೋದು ತಪ್ಪಲ್ಲ. ಭಾರ ಹಾಕ್ಕೊಂಡು ಅರಬೈಲ್ ಘಾಟ್ ಹತ್ತಿದ್ರೆ ತಿರುವಲ್ಲಿ ಗಾಡಿ ಓಲಾಡೋದು ಗೊತ್ತಾಗ್ತದೆ, ಹಾಗಾಗಿ ವೈರ್ ಬಂಡಲ್ಲು, ಮೋಟರು ಎಲ್ಲಾ ಒಳಗೆ, ಮೇಲೆ ಉದ್ದದ ಹಗುರ ಸಾಮಾನು ಮಾತ್ರ.

ಮಾಡ್ಸೋರಿಗೆ ಒಂದೇ ಮಾತು: ಪೈಪಿನ ಬಾಯಿ ಮುಚ್ಚಿದ ಮೇಲೆ ಕೆಳಗಿನ ಮೈಗೆ ಸಣ್ಣ ತೂತು ಹೊಡೀರಿ. ವೆಲ್ಡಿಂಗಿನ ಸೂಜಿಮೊನೆಯಷ್ಟು ಬಿರುಕಲ್ಲೂ ನೀರು ಒಳಗೆ ಹೋಗ್ತದೆ, ಹೊರಗೆ ಬರೋಕೆ ದಾರಿ ಇಲ್ದಿದ್ರೆ ಒಳಗಿಂದ್ಲೇ ತಿಂದು ಹಾಕ್ತದೆ, ಮೇಲೆ ಪೇಂಟ್ ಮಾತ್ರ ಫಳಫಳ. ಸತು ಲೇಪಿಸಿದ ಜಿಐ ಪೈಪ್ ಹಾಕಿದ್ರೂ ವೆಲ್ಡ್ ಮಾಡಿದ ಕಡೆ ಸತು ಸುಟ್ಟು ಹೋಗೋದ್ರಿಂದ ಅಲ್ಲಿ ಪ್ರೈಮರ್ ಬೇಕೇ ಬೇಕು. ಸಿರ್ಸಿ ಕಡೆಯವ್ರಿಗೆ ಉಪ್ಪಿನ ಕಾಟ ಇಲ್ಲ, ಆದ್ರೆ ಅಲ್ಲಿನ ಮಳೆಗೆ ಹಗ್ಗ ಬಿಚ್ಚೋದು ಬಿಟ್ಟೀರಿ ಮತ್ತೆ.