ಒಂದೇ ಕಾರು, ಮೂರು ಸೆಟ್ ಚಕ್ರ: ತುಮಕೂರಿನ ದಾರಿಗೆ ಯಾವುದು?

ನಮ್ಮ ತೋಟದ ಮನೆಯಲ್ಲಿ ಅಡಿಕೆ ಮೂಟೆ ತೂಗೋ ಎಲೆಕ್ಟ್ರಾನಿಕ್ ಕಾಟಾ ಇದೆ. ಹೋದ ದೀಪಾವಳಿ ರಜೆಯಲ್ಲಿ ಅದರ ಮೇಲೆ ನನ್ನ ಕಾರಿನ ಚಕ್ರಗಳನ್ನು ಒಂದೊಂದಾಗಿ ಇಟ್ಟು ತೂಗಿದೆ. ಕಂಪನಿಯಿಂದಲೇ ಬಂದಿದ್ದ 17 ಇಂಚಿನದು ಟೈರು ಸಮೇತ 19.4 ಕೆ.ಜಿ. ಆಸೆಪಟ್ಟು ಹಾಕಿಸಿಕೊಂಡಿದ್ದ 18 ಇಂಚಿನದು 22.9. ಈಗ ಓಡುತ್ತಿರುವ 16 ಇಂಚಿನದು 18.3. ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೊಂದು ಚಕ್ರಕ್ಕೇ ನಾಲ್ಕೂವರೆ ಕೆ.ಜಿ. ಮೇಲೆ ವ್ಯತ್ಯಾಸ. ಸ್ಟೇರಿಂಗ್ ಹಿಡಿದ ಕೈಗೆ, ಸೀಟಿನಲ್ಲಿ ಕೂತ ಸೊಂಟಕ್ಕೆ ಅಷ್ಟು ದಿನ ಗೊತ್ತಾಗುತ್ತಿದ್ದದ್ದನ್ನು ಕಾಟಾ ಅಂಕಿಯಲ್ಲಿ ತೋರಿಸಿತು.

ಕಾರು ಫೋಕ್ಸ್‌ವ್ಯಾಗನ್ ಟೈಗುನ್ ಜಿಟಿ. 1.5 ಲೀಟರ್ ಟರ್ಬೊ ಪೆಟ್ರೋಲ್, 150 ಪಿಎಸ್, 250 ಎನ್‌ಎಂ ಟಾರ್ಕ್ (ತಿರುಗಿಸೋ ಬಲ), ಏಳು ಗೇರಿನ ಡಿಎಸ್‌ಜಿ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅಪ್ಪನ ಮೊಣಕಾಲಿಗೆ ಎತ್ತರದ ಸೀಟು ಬೇಕಿತ್ತು, ನನಗೆ ಓಡಿಸೋ ಖುಷಿ ಬೇಕಿತ್ತು. ಎರಡೂ ಸಿಕ್ಕವು. 2022ರಲ್ಲೇ ಇದಕ್ಕೆ ಗ್ಲೋಬಲ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಐದು ಸ್ಟಾರ್ ಬಂತು ಅನ್ನೋದು ಅಮ್ಮನಿಗೆ ಸಮಾಧಾನ. ಆಮೇಲೆ ಬಂದ 160 ಪಿಎಸ್‌ನ ಸೆಲ್ಟೋಸ್ ಟರ್ಬೊ, 2024ರ ಕ್ರೆಟಾ ಎನ್ ಲೈನ್ ಎರಡನ್ನೂ ಓಡಿಸಿ ನೋಡಿದ್ದೇನೆ. ನೇರ ರಸ್ತೆಯಲ್ಲಿ ಅವೂ ಚೆನ್ನಾಗಿ ಎಳೆಯುತ್ತವೆ. ತಿರುವಿನಲ್ಲಿ ನನ್ನ ಮನಸ್ಸು ಟೈಗುನ್ ಕಡೆಗೇ. ಅದಿರಲಿ, ಇಲ್ಲಿ ಹೋಲಿಸುತ್ತಿರುವುದು ಕಾರುಗಳನ್ನಲ್ಲ, ಒಂದೇ ಕಾರಿಗೆ ಹಾಕಿದ ಮೂರು ಸೆಟ್ ಚಕ್ರಗಳನ್ನು. ಇಂಥ ಕಾರಿಗೆ ಏನೇ ಮಾಡಿಸಿದರೂ ಮೊದಲು ತಿಳಿಯಬೇಕಾದದ್ದು ಟೈರಿನ ವಿಷಯ ಅಂತ ನಾನು ನಂಬಿದ್ದೇನೆ.

ನೋಡಿದ ದಾರಿಗಳು ಮೂರು. ಒಂದು, ಕ್ಯಾತ್ಸಂದ್ರದಿಂದ ನೆಲಮಂಗಲದವರೆಗಿನ ರಾಷ್ಟ್ರೀಯ ಹೆದ್ದಾರಿ 48; ಕೆಲಸದ ಮೇಲೆ ವಾರಕ್ಕೆರಡು ಸಲ ಹೋಗುತ್ತೇನೆ. ಎರಡು, ನಾಮದ ಚಿಲುಮೆ ದಾಟಿ ದೇವರಾಯನದುರ್ಗಕ್ಕೆ ಹತ್ತೋ ಘಾಟಿ. ಮೂರು, ಗುಬ್ಬಿ ದಾಟಿ ಕಡಬದ ಕಡೆ ನಮ್ಮ ತೋಟಕ್ಕೆ ಹೋಗೋ ದಾರಿ. ಕೊನೆಯ ಎರಡು ಕಿಲೋಮೀಟರ್ ಡಾಂಬರೇ ಇಲ್ಲ, ಮಳೆಗೆ ಮಣ್ಣು ಕೊಚ್ಚಿಹೋಗಿ ಕಲ್ಲು ಎದ್ದು ನಿಂತಿರುತ್ತೆ. ಬೆಂಗಳೂರಿನಲ್ಲೇ ಇರುವವರಿಗೆ ಮೂರನೆಯದು ಬೇಕಾಗದೆ ಇರಬಹುದು. ನಮ್ಮ ಜಿಲ್ಲೆಯಲ್ಲಿ ತೋಟ, ಹೊಲ, ಬೀಗರ ಊರು ಅಂತ ಇರುವ ಯಾರಿಗೂ ಅದು ತಪ್ಪಿದ್ದಲ್ಲ.

ಕಂಪನಿಯ ಟೈರಿನ ಅಳತೆ 205/55 ಆರ್17. 205 ಅಂದರೆ ಮಿಲಿಮೀಟರಿನಲ್ಲಿ ಅಗಲ. 55 ಅಂದರೆ ಆ ಅಗಲದ ನೂರಕ್ಕೆ ಐವತ್ತೈದರಷ್ಟು ಪಕ್ಕೆಯ (ರಿಮ್ಮಿನ ಆಚೆಗಿನ ಟೈರಿನ ಗೋಡೆಯ) ಎತ್ತರ, ಸುಮಾರು 113 ಮಿ.ಮೀ. 17 ಅಂದರೆ ಇಂಚಿನಲ್ಲಿ ರಿಮ್ಮಿನ ಅಡ್ಡಳತೆ. ಇಡೀ ಚಕ್ರದ ಅಡ್ಡಳತೆ 657 ಮಿ.ಮೀ. ಈ ಲೆಕ್ಕ ಬಾಯಿಗೆ ಬಂದುಬಿಟ್ಟರೆ ಯಾವ ಅಂಗಡಿಯಲ್ಲೂ ಮೋಸ ಹೋಗೋದಿಲ್ಲ. ಈ ಸೆಟ್ಟಿನಲ್ಲಿ 34,000 ಕಿ.ಮೀ. ಓಡಿಸಿದೆ. ಹೆದ್ದಾರಿಯಲ್ಲಿ ದೂರು ಹೇಳೋ ಹಾಗಿರಲಿಲ್ಲ, ಘಾಟಿಯಲ್ಲಿ ನಂಬಿಕೆ ಬರೋ ಹಾಗಿತ್ತು, ತೋಟದ ದಾರಿಯಲ್ಲಿ ಸ್ವಲ್ಪ ಗಡುಸು. ಕೊನೆಕೊನೆಗೆ ಸವೆದು ಮಳೆಯಲ್ಲಿ ಜಾರೋಕೆ ಶುರುವಾಯಿತು. ಕಾನೂನಿನ ಪ್ರಕಾರ ಕಾರಿನ ಟೈರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಆಗಬಾರದು. ನಾನು 3 ಮಿ.ಮೀ. ಹತ್ತಿರ ಬಂದಾಗಲೇ ತೆಗೆಸಿದೆ. ಹಾಗಾಗಿ ಮಳೆಯ ಹಿಡಿತದಲ್ಲಿ ಈ ಸೆಟ್ಟನ್ನು ಉಳಿದೆರಡರ ಜೊತೆ ಇಟ್ಟು ನೋಡುವುದು ನ್ಯಾಯವಲ್ಲ, ಅವು ಹೊಸವು.

ಇನ್ನು 18 ಇಂಚು. ಇದರ ಕಥೆ ಉದ್ದ.

ಅಳತೆ 225/45 ಆರ್18. ಅಡ್ಡಳತೆ 660 ಮಿ.ಮೀ., ಅಂದರೆ ಕಂಪನಿಯದಕ್ಕೆ ಹೆಚ್ಚುಕಡಿಮೆ ಸಮ, ಸ್ಪೀಡೋಮೀಟರ್ ಸುಳ್ಳು ಹೇಳೋದಿಲ್ಲ. ಕಾಗದದ ಮೇಲೆ ಎಲ್ಲ ಸರಿ. ಆದರೆ ಪಕ್ಕೆ 101 ಮಿ.ಮೀ.ಗೆ ಇಳಿಯಿತು. ರಿಮ್ಮು, ಟೈರು ಸೇರಿ ಲಕ್ಷದ ಹತ್ತಿರ ಖರ್ಚಾಯಿತು. ಮನೆ ಮುಂದೆ ನಿಲ್ಲಿಸಿದಾಗ ಕಾರು ಎಷ್ಟು ಚೆಂದ ಕಂಡಿತು ಅಂದರೆ, ಆ ದಿನ ಸಂಜೆ ಮೂರು ಸಲ ಹೊರಗೆ ಬಂದು ನೋಡಿದೆ. ಕಮಾನಿನೊಳಗೆ ಚಕ್ರ ತುಂಬಿಕೊಂಡು ಕೂತಿತ್ತು. ಆ ಚೆಂದವನ್ನು ನಾನು ಇವತ್ತೂ ಅಲ್ಲಗಳೆಯುವುದಿಲ್ಲ.

ಮೊದಲ ವಾರವೇ ಡಾಬಸ್‌ಪೇಟೆ ದಾಟಿ 90ರ ವೇಗಕ್ಕೆ ಹೋದರೆ ಸ್ಟೇರಿಂಗ್ ಸಣ್ಣಗೆ ನಡುಗೋಕೆ ಹತ್ತಿತು. ರಿಮ್ಮು ಮಾರಿದ ಅಂಗಡಿಯವರು ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು, ನಡುಕ ಹೋಗಲಿಲ್ಲ. ಕೊನೆಗೆ ಬಟವಾಡಿ ಕಡೆಯ ನಮ್ಮ ಹಳೇ ಟೈರಿನಂಗಡಿಗೆ ತಂದೆ. ಅಲ್ಲಿನ ಹಿರಿಯರು ಚಕ್ರ ಬಿಚ್ಚಿ, ನಡುವಿನ ತೂತಿಗೆ ಬೆರಳು ತೂರಿಸಿ, "ಸಾ, ಇಲ್ಲಿ ನೋಡಿ, ಹಬ್ಬಿಗೂ ರಿಮ್ಮಿಗೂ ಮಧ್ಯೆ ಎಷ್ಟು ಸಂದಿ ಇದೆ. ರಿಂಗೇ ಹಾಕಿಲ್ವಲ್ಲ" ಅಂದರು. ಹಬ್ಬು ಅಂದರೆ ಚಕ್ರ ಕೂರೋ ನಡುವಿನ ಭಾಗ; ಟೈಗುನ್‌ನಲ್ಲಿ ಅದರ ಅಳತೆ 57.1 ಮಿ.ಮೀ. ಹೊರಗಿನ ಅಲಾಯ್ (ಮಿಶ್ರಲೋಹದ) ರಿಮ್ಮುಗಳನ್ನು ಹಲವು ಕಾರುಗಳಿಗೆ ಆಗಲಿ ಅಂತ ದೊಡ್ಡ ತೂತಿನಲ್ಲಿ ಮಾಡಿರುತ್ತಾರೆ, ನನ್ನದು 73.1. ನಡುವೆ ಹಬ್ ರಿಂಗ್ ಕೂರಿಸದಿದ್ದರೆ ಚಕ್ರ ಸರಿಯಾಗಿ ನಡುಮಧ್ಯೆ ಕೂರೋದಿಲ್ಲ, ಎಷ್ಟು ಬ್ಯಾಲೆನ್ಸ್ ಮಾಡಿದರೂ ನಡುಗುತ್ತಲೇ ಇರುತ್ತೆ.

ಅದಕ್ಕಿಂತ ದೊಡ್ಡ ತಪ್ಪು ಬೋಲ್ಟಿನದು. ಅವರು ಒಂದು ಬೋಲ್ಟನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಫೋಕ್ಸ್‌ವ್ಯಾಗನ್ ಬೋಲ್ಟಿನ ತಲೆಯ ಕೆಳಭಾಗ ಗೋಲಿಯ ಹಾಗೆ ಗುಂಡಗಿರುತ್ತೆ, ಕಂಪನಿಯ ರಿಮ್ಮಿನ ಗುಳಿಯೂ ಅದಕ್ಕೆ ತಕ್ಕ ಹಾಗೇ ಇರುತ್ತೆ. ಹೊಸ ಅಲಾಯ್‌ನ ಗುಳಿಗಳು ಆಲಿಕೆಯ ಹಾಗೆ ಓರೆ. ಗುಂಡಗಿನ ಬೋಲ್ಟನ್ನು ಓರೆ ಗುಳಿಗೆ ಬಿಗಿದಿದ್ದರು. ಗುಳಿಯೊಳಗೆ ಬಣ್ಣ ಸವೆದು ಉಂಗುರದ ಹಾಗೆ ಒಂದೇ ಒಂದು ತೆಳ್ಳನೆ ಗೆರೆ ಬಿದ್ದಿತ್ತು. ಅಷ್ಟೂ ಬಿಗಿ ಆ ಕೂದಲೆಳೆಯ ಗೆರೆ ಮೇಲೆ ನಿಂತಿತ್ತು. ಅದೇ ಚಕ್ರದ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಶಿರಾಕ್ಕೆ ಹೋಗಿ ಬಂದಿದ್ದೆ. ಆ ಗೆರೆ ನೋಡಿ ಬೆನ್ನಿನಲ್ಲಿ ಬೆವರು ಇಳಿಯಿತು. ಓರೆ ತಲೆಯ ಬೋಲ್ಟು, ರಿಂಗು ಎರಡೂ ತರಿಸಿ, ಟಾರ್ಕ್ ರೆಂಚಿನಲ್ಲಿ 120 ಎನ್‌ಎಂಗೆ ಬಿಗಿಸಿದ ಮೇಲೆ ನಡುಕ ಪೂರ್ತಿ ಹೋಯಿತು. ಹೊರಗಿನ ಅಲಾಯ್ ಹಾಕಿಸುವವರು ದಯವಿಟ್ಟು ಒಂದು ಬೋಲ್ಟು ಬಿಚ್ಚಿಸಿ ಕಣ್ಣಾರೆ ನೋಡಿ.

ಎಲ್ಲ ಸರಿಯಾದ ಮೇಲೆ 18 ಇಂಚು ಹೇಗಿತ್ತು? ದೇವರಾಯನದುರ್ಗದ ಘಾಟಿಯಲ್ಲಿ, ಒಣ ರಸ್ತೆಯಲ್ಲಿ, ಬೆಳಿಗ್ಗೆ ಆರು ಗಂಟೆಗೆ, ಮೂರರಲ್ಲಿ ಚುರುಕಾದದ್ದು ಇದೇ. ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತೆ. ಪಕ್ಕೆ ಗಿಡ್ಡವಾದ್ದರಿಂದ ಟೈರು ಬಾಗಿ ಆಮೇಲೆ ಕಾರು ತಿರುಗೋ ಆ ಒಂದು ಚಣದ ತಡ ಇರಲೇ ಇಲ್ಲ. ಅದೇ ಘಾಟಿಯಲ್ಲಿ ಡಾಂಬರು ಕಿತ್ತ ಜಾಗ ಬಂದರೆ ಕಥೆ ಬೇರೆ. ತಿರುವಿನ ಮಧ್ಯೆ ಗುಂಡಿ ಸಿಕ್ಕರೆ ಹಿಂದಿನ ಚಕ್ರ ಒಂದು ಹೆಜ್ಜೆ ಪಕ್ಕಕ್ಕೆ ಕುಪ್ಪಳಿಸುತ್ತಿತ್ತು. ಕಾಟಾ ಹೇಳಿದ್ದು ಇದನ್ನೇ. ಚಕ್ರದ ಭಾರವನ್ನು ಸ್ಪ್ರಿಂಗ್ ಹೊರೋದಿಲ್ಲ, ಅದು ಸ್ಪ್ರಿಂಗಿನ ಕೆಳಗಿರುತ್ತೆ. ಗುಂಡಿಗೆ ಇಳಿದ ಚಕ್ರವನ್ನು ಬೇಗ ತಿರುಗಿ ನೆಲಕ್ಕೆ ಒತ್ತಿಕೊಳ್ಳೋ ಕೆಲಸ ಸ್ಪ್ರಿಂಗ್, ಶಾಕ್ ಅಬ್ಸಾರ್ಬರುಗಳದ್ದು. ಚಕ್ರ ಭಾರವಾದಷ್ಟೂ ಆ ಕೆಲಸ ತಡ, ತಡವಾದಷ್ಟೂ ಟೈರು ನೆಲ ಬಿಟ್ಟಿರೋ ಹೊತ್ತು ಜಾಸ್ತಿ. ನೆಲ ಮುಟ್ಟದ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು?

ತೋಟದ ದಾರಿಯಲ್ಲಿ ಅಪ್ಪ ಒಂದು ಸಲ ಕೂತು ಬಂದವರು, ಮುಂದಿನ ಸಲ ಬಸ್ಸಿನಲ್ಲಿ ಬರ್ತೀನಿ ಅಂದರು.

ನಾಲ್ಕನೇ ತಿಂಗಳು ಅದೇ ದಾರಿಯಲ್ಲಿ ಕಲ್ಲೊಂದು ಹಿಂದಿನ ಎಡ ಟೈರಿನ ಪಕ್ಕೆ ಸೀಳಿತು. ಪಕ್ಕೆ ಹರಿದರೆ ಪಂಕ್ಚರ್ ಹಾಕೋಕೆ ಬರೋದಿಲ್ಲ, ಟೈರೇ ಹೋಯಿತು. ರಿಮ್ಮಿನ ಅಂಚೂ ಬಾಗಿತ್ತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಾಕಿಕೊಂಡು ನಿಧಾನಕ್ಕೆ ತುಮಕೂರಿಗೆ ಬಂದೆ. ಈ ಕಾರಿನ ಸ್ಟೆಪ್ನಿ 16 ಇಂಚಿನ ಕಬ್ಬಿಣದ ಚಕ್ರ, ಎತ್ತರದ ಪಕ್ಕೆ. ಗುಬ್ಬಿಯಿಂದ ಬಿ.ಎಚ್. ರಸ್ತೆಯುದ್ದಕ್ಕೂ ಒಂದೊಂದು ಹಂಪು ಹತ್ತಿಳಿದಾಗಲೂ ಮೂರು ಮೂಲೆ ಧಡ್ ಅನ್ನುತ್ತಿದ್ದವು, ಸ್ಟೆಪ್ನಿ ಇದ್ದ ಮೂಲೆ ಮಾತ್ರ ಸದ್ದಿಲ್ಲದೆ ಇಳಿಯುತ್ತಿತ್ತು. ಮನೆಗೆ ಬರೋಷ್ಟರಲ್ಲಿ ನಾನು ತೀರ್ಮಾನಕ್ಕೆ ಬಂದಿದ್ದೆ.

ಇದೇ ಕಾರಿನ ಕೆಳಗಿನ ಮಾಡೆಲ್ಲಿನಿಂದ ತೆಗೆದ 16 ಇಂಚಿನ ಅಲಾಯ್ ನಾಲ್ಕು ಹುಡುಕಿ ಕೊಂಡೆ. ಕಂಪನಿಯದೇ ಆದ್ದರಿಂದ ಹಳೇ ಬೋಲ್ಟು, ಹಬ್ಬು ಎಲ್ಲ ಸರಿಹೊಂದಿದವು. ಬಿಗಿಯೋ ಮುಂಚೆ ಕೈಯಲ್ಲೇ ತಿರುಗಿಸಿ ಬ್ರೇಕ್ ಕ್ಯಾಲಿಪರಿಗೆ ತಾಗುತ್ತಾ ಅಂತ ನೋಡಿದೆವು, ತಾಗಲಿಲ್ಲ. ಟೈರು 215/60 ಆರ್16. ಪಕ್ಕೆ 129 ಮಿ.ಮೀ., ಅಡ್ಡಳತೆ 664. ಕಂಪನಿಯದಕ್ಕಿಂತ ನೂರಕ್ಕೆ ಒಂದು ಪಾಲು ದೊಡ್ಡದು. ಸ್ಪೀಡೋಮೀಟರ್ 100 ತೋರಿಸಿದಾಗ ಕಾರು ಮೊದಲಿಗಿಂತ ಒಂದೇ ಕಿ.ಮೀ. ಜಾಸ್ತಿ ಓಡುತ್ತಿರುತ್ತೆ. ಭಾರ ಹೊರೋ ಅಂಕಿಯೂ ಏರಿತು: ಕಂಪನಿಯ ಟೈರಿನ ಮೇಲೆ 91, ಅಂದರೆ ಟೈರೊಂದಕ್ಕೆ 615 ಕೆ.ಜಿ.; ಇದರ ಮೇಲೆ 95, ಅಂದರೆ 690. ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿ. ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ನನಗೆ ಮೊದಲು ತೋರಿಸಿದ ಸೆಟ್ಟು ಒಂದೂವರೆ ವರ್ಷ ಹಳೆಯದಿತ್ತು, ವಾಪಸ್ ಇಟ್ಟೆ. ಹಾಕಿಸಿದ ಮೇಲೆ ಗಾಳಿ ತುಂಬಿಸಿ, ಕಾರಿನ ಪರದೆಯಲ್ಲಿ ಟೈರ್ ಒತ್ತಡದ ಲೆಕ್ಕವನ್ನು ಹೊಸದಾಗಿ ಉಳಿಸಬೇಕು. ಇದರಲ್ಲಿ ಗಾಳಿ ಅಳೆಯೋ ಸೆನ್ಸರ್ ಚಕ್ರದೊಳಗಿಲ್ಲ, ಚಕ್ರ ಸುತ್ತೋ ವೇಗ ನೋಡಿ ಗಾಳಿ ಇಳಿದದ್ದನ್ನು ಕಾರು ಊಹಿಸುತ್ತೆ.

ತೋಟದ ದಾರಿಯಲ್ಲಿ ಬೇರೆಯದೇ ಕಾರು. ಮೊದಲು 15ರಲ್ಲಿ ತೆವಳುತ್ತಿದ್ದ ಜಾಗದಲ್ಲಿ ಈಗ 25ರಲ್ಲಿ ಹೋಗುತ್ತೇನೆ, ಹಿಂದಿನ ಸೀಟಿನಲ್ಲಿ ಅಮ್ಮ ಎಲೆ ಅಡಿಕೆ ತಟ್ಟೆ ತೊಡೆ ಮೇಲಿಟ್ಟುಕೊಂಡೇ ಕೂತಿರುತ್ತಾರೆ. ಘಾಟಿಯಲ್ಲಿ ಸ್ಟೇರಿಂಗಿಗೆ ಆ 18 ಇಂಚಿನ ಚುರುಕಿಲ್ಲ, ನಿಜ. ತಿರುವಿಗೆ ನುಗ್ಗುವಾಗ ಟೈರು ಸ್ವಲ್ಪ ವಾಲಿ ಆಮೇಲೆ ಹಿಡಿಯುತ್ತೆ. ಆ ವಾಲುವಿಕೆಗೆ ಕೈ ಒಗ್ಗಿಕೊಳ್ಳೋಕೆ ಎರಡು ಭಾನುವಾರ ಸಾಕಾಯಿತು. ಹಿಡಿದ ಮೇಲೆ ಬಿಡೋದಿಲ್ಲ. ಡಾಂಬರು ಕಿತ್ತ ಅದೇ ತಿರುವಿನಲ್ಲಿ ಕಾರು ಗೆರೆ ತಪ್ಪದೆ ಹೋಗುತ್ತೆ. ಎಲ್ಲೂ ಹೆದರದೆ ಒಂದೇ ಲಯದಲ್ಲಿ ಮೇಲಿನ ದೇವಸ್ಥಾನದವರೆಗೆ ಹತ್ತೋ ಖುಷಿ ಈ ಸೆಟ್ಟಿನಲ್ಲಿ ಸಿಕ್ಕಷ್ಟು ಬೇರೆಯದರಲ್ಲಿ ಸಿಗಲಿಲ್ಲ. ಹೆದ್ದಾರಿಯಲ್ಲಿ ಸದ್ದು ಕಡಿಮೆ. ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದಾಗ 17 ಇಂಚಿಗೂ ಇದಕ್ಕೂ ಮೈಲೇಜ್ ಒಂದೇ. 18ರಲ್ಲಿ ಲೀಟರಿಗೆ ಒಂದು ಕಿ.ಮೀ. ಹತ್ತಿರ ಬಿದ್ದುಹೋಗಿತ್ತು. ಕಮಾನಿನೊಳಗೆ ಚಕ್ರ ಸ್ವಲ್ಪ ಬಡಕಲಾಗಿ ಕಾಣುತ್ತೆ, ಅದೊಂದು ಕೊರತೆ.

ಎಂಜಿನ್ ರೀಮ್ಯಾಪ್ (ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸೋದು) ಯಾಕೆ ಮಾಡಿಸಲಿಲ್ಲ ಅಂತ ಗೆಳೆಯರು ಕೇಳುತ್ತಾರೆ. ಭಾವಮೈದನ ಹತ್ತಿರ ಇದೇ ಎಂಜಿನ್ನಿನ ಮ್ಯಾನುಯಲ್ ಕಾರಿದೆ, ಅದಕ್ಕೆ ಮಾಡಿಸಿದ್ದಾನೆ. ಓಡಿಸಿದೆ, ಎಳೆತ ಜೋರಾಗಿದೆ. ನನ್ನದು ಡಿಎಸ್‌ಜಿ. ಇದರೊಳಗಿರುವ ಡಿಕ್ಯೂ200 ಗೇರ್‌ಬಾಕ್ಸ್ ಒಣ ಕ್ಲಚ್ಚಿನದು, ಅದರ ಮಿತಿಯೇ 250 ಎನ್‌ಎಂ. ಎಂಜಿನ್ ಕಂಪನಿಯಿಂದ ಬರುವಾಗಲೇ 250 ಕೊಡುತ್ತೆ. ಮಿತಿ ಮುಟ್ಟಿದ ಗೇರ್‌ಬಾಕ್ಸಿನ ಮೇಲೆ ಇನ್ನಷ್ಟು ಹೇರೋಕೆ ಮನಸ್ಸು ಬರಲಿಲ್ಲ, ವಾರಂಟಿಯೂ ಹೋಗುತ್ತೆ. ಕಾರು ತಗ್ಗಿಸೋ ಸ್ಪ್ರಿಂಗಿನ ಮಾತು ಬೇಡ. ನೆಲದಿಂದ 188 ಮಿ.ಮೀ. ಎತ್ತರವನ್ನು ದುಡ್ಡು ಕೊಟ್ಟು ಕೊಂಡವನು ನಾನು. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸೋದನ್ನು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ಕಾನೂನುಬಾಹಿರ ಅಂದಿದೆ, ಆದರೂ ನಮ್ಮೂರಲ್ಲಿ ಇನ್ನೂ ಕಾಣುತ್ತೆ. ಅಪಘಾತದ ಹೊಡೆತ ಕಾರಿನ ಚೌಕಟ್ಟಿಗೆ ನೇರ ಹೋಗಿ ಏರ್‌ಬ್ಯಾಗ್ ಸಮಯಕ್ಕೆ ಬಿಚ್ಚಿಕೊಳ್ಳದೆ ಹೋಗಬಹುದು. ಐದು ಸ್ಟಾರ್ ನೋಡಿ ಕೊಂಡ ಕಾರಿಗೆ ಅದನ್ನು ಹಾಕಿಸಬೇಡಿ. ಬೇರೆ ಏನೇ ಮಾಡಿಸಿದರೂ ಆರ್‌ಸಿಯಲ್ಲಿ ಬರೆದಿರೋ ವಿವರ ಬದಲಾಗೋ ಹಾಗಿರಬಾರದು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಹಿಡಿದು ಅದನ್ನೇ ಹೇಳಿದೆ.

ದಿನಾ ತುಮಕೂರು–ಬೆಂಗಳೂರು ಹೆದ್ದಾರಿಯಲ್ಲೇ ಓಡಾಡೋರಿಗೆ ಕಂಪನಿಯ 17 ಇಂಚು ಸಾಕು, ಸವೆದ ಮೇಲೆ ಅದೇ ಅಳತೆಯ ಒಳ್ಳೇ ಟೈರು ಹಾಕಿಸಿ. ನನ್ನ ಹಾಗೆ ಮೂರು ದಾರಿಯವರು 16ಕ್ಕೆ ಇಳಿಯಿರಿ. 18 ಇಂಚಿನ ಸೆಟ್ಟನ್ನು, ಬಾಗಿದ ರಿಮ್ಮು ನೇರ ಮಾಡಿಸಿ, ಅದನ್ನು ಹೇಳಿಯೇ, ಬೋಲ್ಟು ರಿಂಗು ಸಮೇತ ಬೆಂಗಳೂರಿನವರೊಬ್ಬರಿಗೆ ಕೊಟ್ಟುಬಿಟ್ಟೆ.

17ರ ರಿಮ್ಮುಗಳು ತೋಟದ ಮನೆ ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿವೆ. ಅವಕ್ಕೆ 215/55 ಟೈರು ಹಾಕಿ ನೋಡೋ ಆಸೆ ಇದೆ. ಪಕ್ಕೆ 118, ಅಡ್ಡಳತೆ 668. 18ರ ಚುರುಕೂ 16ರ ಮೆದುವೂ ಅರ್ಧರ್ಧ ಸಿಕ್ಕೀತು ಅಂತ ಲೆಕ್ಕ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುತ್ತಾ ಅನ್ನೋದೊಂದೇ ಅನುಮಾನ. ಈಗಿನ ಸೆಟ್ಟು ಸವೆಯೋಕೆ ಇನ್ನೂ ಎರಡು ಮಳೆಗಾಲ ಇದೆ. ಅಷ್ಟರಲ್ಲಿ ಒಂದು ಟೈರನ್ನು ಎರವಲು ತಂದು, ಜಾಕ್ ಹಾಕಿ ಕೂರಿಸಿ ನೋಡ್ತೀನಿ ಅಂತ ಬಟವಾಡಿಯ ಹಿರಿಯರಿಗೆ ಹೇಳಿಟ್ಟಿದ್ದೇನೆ.